ಓರಗಿತ್ತಿ ಹಿಡಿದ ಬಣ್ಣ

ಸೋಮವಾರ ಬೆಳಿಗ್ಗೆ ಷಟರ್ ಎತ್ತಿ, ದೇವರ ಪಟಕ್ಕೆ ಹೂವು ಸಿಕ್ಕಿಸುವಷ್ಟರಲ್ಲಿ ಹೆಮ್ಮರಗಾಲದ ತಾಯಿ ಮಗಳು ಬಂದು ನಿಂತಿದ್ದರು. ಮಗಳ ಕೈಯಲ್ಲಿ ನಮ್ಮ ಸ್ಟುಡಿಯೋದ ಕವರು. ಗಂಡಿನ ಕಡೆಯವರಿಗೆ ಕಳಿಸುವುದಕ್ಕೆಂದು ಹತ್ತು ದಿನದ ಹಿಂದೆ ತೆಗೆಸಿಕೊಂಡು ಹೋಗಿದ್ದ ಫೋಟೋ ಅದು. ನಮ್ಮನೆಯವರು ತೆಗೆದದ್ದು, ನಾನು ಎಡಿಟ್ ಮಾಡಿದ್ದು. ನಂಜನಗೂಡಿನ ಬಜಾರಿನಲ್ಲಿರುವ ನಮ್ಮ ಅಂಗಡಿಯಲ್ಲಿ ಕ್ಯಾಮೆರಾ ಅವರದು, ಮೌಸ್ ನನ್ನದು.

ಇನ್ನೊಂದು ಪ್ರತಿ ಬೇಕೇನೋ ಎಂದುಕೊಂಡು, “ಬನ್ನಿ ಬನ್ನಿ, ಕೂತ್ಕೊಳ್ಳಿ” ಎಂದೆ. ಹುಡುಗಿ ಕೂರಲಿಲ್ಲ. ಕವರಿನಿಂದ ಫೋಟೋ ತೆಗೆದು ತನ್ನ ಕೆನ್ನೆಯ ಪಕ್ಕಕ್ಕೆ ಹಿಡಿದಳು.

“ನೋಡಿ ಅಕ್ಕ. ಚೆನ್ನಾಗಿ ನೋಡಿ. ಇದು ಯಾರು?”

ತಾಯಿಯೇ ಬಾಯಿ ಬಿಟ್ಟರು. “ನಿನ್ನೆ ನರಸೀಪುರದ ಕಡೆಯೋರು ಬಂದಿದ್ರು ಕಣವ್ವ. ಉಪ್ಪಿಟ್ಟು ತಿಂದ್ರು, ಕಾಪಿ ಕುಡುದ್ರು. ಇವಳು ಬಂದು ಕೂತ್ಕಂಡ್ಲು. ಗಂಡಿನ ಚಿಕ್ಕವ್ವ ಪೋಟನ ಇಂಗೇ ಇವಳ ಮೊಕದ್ ಪಕ್ಕುಕ್ ಇಡ್ದು, ‘ಇದು ನಿಮ್ ಚಿಕ್ ಮಗಳ ಪೋಟನಾ?’ ಅಂತ ಕೇಳುದ್ಲು. ನಂಗಿರದು ಒಬ್ಬಳೇ ಮಗಳು. ಎಲ್ರೂ ನಕ್ಬುಟ್ರು. ಎದ್ದು ಓಯ್ತಾ ‘ಮೋಸದ್ ಜನ’ ಅಂದ್ಬುಟ್ಟು ಓದ್ರು.”

“ಅಲ್ಲಮ್ಮಾ, ಒಸಿ ಬೆಳ್ಳಗೆ ಮಾಡಿ ಅಂತ ನೀವೇ ತಾನೆ ಹೇಳಿದ್ದು?” ಎಂದೆ. ತಪ್ಪು ನನ್ನ ತಲೆಗೆ ಬರುವ ಮುಂಚೆ ಬೇರೆಯವರ ತಲೆಗೆ ಕಟ್ಟುವುದು ನನ್ನ ಹಳೆಯ ಚಾಳಿ.

“ಒಸಿ ಬೆಳ್ಳಗ್ ಮಾಡು ಅಂದ್ನೇ ವೊರ್ತು, ಬ್ಯಾರೆ ಮಗಳನ್ನೇ ಮಾಡ್ಕೊಡು ಅಂದ್ನಾ?”

ಹುಡುಗಿ ಫೋಟೋವನ್ನು ಮೇಜಿನ ಮೇಲಿಟ್ಟಳು. “ನಾನು ಊರಿನ ಡೈರೀಲಿ ಹಾಲು ಟೆಸ್ಟ್ ಮಾಡೋಳು ಅಕ್ಕ. ಹಾಲಿಗೆ ನೀರು ಬೆರೆಸಿ ತರೋರನ್ನ ದಿನಾ ಎರಡೊತ್ತೂ ನೋಡ್ತೀನಿ, ವಾಪಸ್ ಕಳಿಸ್ತೀನಿ. ನೀವು ನನಗೇ ಹಾಲು ಬೆರೆಸಿಬಿಟ್ರಲ್ಲ.”

ಮುಂದಿನ ಭಾನುವಾರ ಹುಲ್ಲಹಳ್ಳಿಯ ಕಡೆಯಿಂದ ಇನ್ನೊಂದು ಸಂಬಂಧದವರು ಬರುವವರಿದ್ದರು. ಶುಕ್ರವಾರದೊಳಗೆ ಬೇರೆ ಫೋಟೋ ಕೊಡಬೇಕೆಂದು ಬ್ರೋಕರ್ ಹೇಳಿದ್ದನಂತೆ. “ಇದೇ ಕೊನೆ. ಇನ್ನೊಂದ್ ಸಲ ಯಾರಾದ್ರೂ ಫೋಟೋ ನೋಡಿ ನನ್ನ ಮೊಕ ನೋಡಿ ನಕ್ಕರೆ, ಆಮೇಲೆ ನಾನು ಯಾರ ಮುಂದೇನೂ ಬಂದು ಕೂರಲ್ಲ. ಅವ್ವಂಗೂ ಹೇಳಿದ್ದೀನಿ” ಎಂದಳು. ಅಳಲಿಲ್ಲ. ಅತ್ತಿದ್ದರೆ ಸಮಾಧಾನ ಮಾಡುವುದಾದರೂ ನನಗೆ ಗೊತ್ತಿತ್ತು.

“ಎರಡು ದಿನ ಕೊಡಮ್ಮ, ಸರಿ ಮಾಡಿಕೊಡ್ತೀನಿ” ಎಂದೆ.

“ಬೇಡಿ ಅಕ್ಕ. ನರಸೀಪುರದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಸ್ಟುಡಿಯೋ ಇದೆ. ನನ್ನ ಫ್ರೆಂಡು ಅಲ್ಲಿ ತೆಗೆಸಿದ್ಳು. ಅವಳೂ ನನ್ನ ಬಣ್ಣಾನೇ. ಫೋಟೋದಲ್ಲೂ ಅವಳು ಅವಳೇ ಆಗಿದ್ದಾಳೆ. ನಾಳೆ ಅಲ್ಲಿಗೇ ಹೋಗ್ತೀನಿ.”

ಅವರು ಹೋದ ಮೇಲೆ ನಾನು ಆ ಫೋಟೋವನ್ನು ಡ್ರಾಯರಿಗೆ ತುರುಕಿ ದಡಾರನೆ ಮುಚ್ಚಿದೆ. ಹುಡುಗಿಗೆ ಆದ ಅವಮಾನಕ್ಕಾಗಿ ಅಲ್ಲ. ಸುಳ್ಳು ಯಾಕೆ ಹೇಳಲಿ? ಬಸ್‌ಸ್ಟ್ಯಾಂಡಿನ ಹಿಂದಿನ ಆ ಸ್ಟುಡಿಯೋ ನನ್ನ ಮೈದುನನದು. ಅಲ್ಲಿ ಎಡಿಟಿಂಗ್ ಮಾಡುವವಳು ನನ್ನ ಓರಗಿತ್ತಿ. ಮದುವೆಯಾಗಿ ನಮ್ಮ ಮನೆಗೆ ಬಂದಾಗ ಅವಳಿಗೆ ಮೌಸನ್ನು ಹೇಗೆ ಹಿಡಿಯಬೇಕೆಂದೂ ಗೊತ್ತಿರಲಿಲ್ಲ. ಇದೇ ಮೇಜಿನ ಮುಂದೆ ಕೂರಿಸಿ ನಾನೇ ಕಲಿಸಿದೆ. ಒಂದು ವರ್ಷ ನನ್ನ ಬೆನ್ನ ಹಿಂದೆ ನಿಂತು ನೋಡಿ, ಆಮೇಲೆ ಗಂಡ ಹೆಂಡತಿ ನರಸೀಪುರಕ್ಕೆ ಹೋಗಿ ಬೋರ್ಡು ಹಾಕಿದರು. ಈಗ ನನ್ನ ಗಿರಾಕಿ ನನ್ನೆದುರಿಗೇ ನಿಂತು ಅಲ್ಲಿಗೇ ಹೋಗುತ್ತೇನೆ ಅನ್ನುವ ಕಾಲ ಬಂತು. ಗುರುವಿಗೇ ತಿರುಮಂತ್ರ! ಹೊಟ್ಟೆಯೊಳಗೆ ಸಾಸಿವೆ ಚಟಪಟ ಅನ್ನುತ್ತಿತ್ತು.

ಇದು ಹೊಸ ಉರಿಯೂ ಅಲ್ಲ. ನಮ್ಮ ಅತ್ತೆ ತಿಂಗಳಲ್ಲಿ ಹದಿನೈದು ದಿನ ನಮ್ಮಲ್ಲಿ, ಹದಿನೈದು ದಿನ ಅವರಲ್ಲಿ. ಅಲ್ಲಿಂದ ಬಂದಾಗಲೆಲ್ಲ ಬಾಯಲ್ಲಿ ಚಿಕ್ಕ ಸೊಸೆಯದೇ ಜಪ. “ಚಿಕ್ಕೋಳು ಮಾಡುದ್ರೆ ಮನ್ಸ ಮನ್ಸನಂಗೇ ಕಾಣ್ತಾನೆ ಕಣವ್ವ” ಅನ್ನುವರು. ಹಾಗಾದರೆ ನಾನು ಮಾಡಿದರೆ ಏನು ದೆವ್ವದ ಹಾಗೆ ಕಾಣುತ್ತಾರಾ ಎಂದು ಕೇಳಬೇಕೆನ್ನಿಸುತ್ತಿತ್ತು. ಕೇಳುತ್ತಿರಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೆ.

ಆ ಹುಡುಗಿ ನರಸೀಪುರಕ್ಕೆ ಹೋಗಿ ಬರುವುದರೊಳಗೆ ನಾನೇ ಸರಿಯಾದ ಫೋಟೋ ಮಾಡಿ ಮುಖಕ್ಕೆ ಹಿಡಿಯಬೇಕು ಅಂದುಕೊಂಡೆ. ಕ್ಯಾಮೆರಾದಿಂದ ಬಂದ ಮೂಲ ಫೈಲು ಇನ್ನೂ ನನ್ನ ಹತ್ತಿರವೇ ಇತ್ತು. ಮಂಗಳವಾರ ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು ಅದನ್ನು ತೆರೆದೆ.

ನನ್ನ ಪದ್ಧತಿಯನ್ನು ಇಲ್ಲಿ ಹೇಳಬೇಕು. ನಮ್ಮ ಸ್ಟುಡಿಯೋದಲ್ಲಿ ಹಿಂದೆ ಕಟ್ಟುವುದು ಬಿಳಿ ಬಟ್ಟೆಯ ಪರದೆ. ಫೋಟೋ ತೆರೆದ ಕೂಡಲೇ ನಾನು ಮಾಡುವ ಮೊದಲ ಕೆಲಸ ವೈಟ್ ಬ್ಯಾಲೆನ್ಸ್: ಬಣ್ಣ ಗುರುತಿಸುವ ಡ್ರಾಪರ್ ತೆಗೆದುಕೊಂಡು ಪರದೆಯ ಮೇಲೆ ಒಂದು ಕ್ಲಿಕ್. ‘ಇದು ಬಿಳಿ, ಇದನ್ನು ನೋಡಿಕೊಂಡು ಉಳಿದ ಬಣ್ಣಗಳನ್ನು ಸರಿಪಡಿಸು’ ಎಂದು ಕಂಪ್ಯೂಟರಿಗೆ ಹೇಳಿದ ಹಾಗೆ. ಕ್ಲಿಕ್ ಮಾಡಿದೊಡನೆ ಪರದೆ ಬೆಳ್ಳಗಾಗುತ್ತಿತ್ತು, ಆದರೆ ಮುಖ ಹಳದಿಗೆ ತಿರುಗುತ್ತಿತ್ತು. ಯಾರದೇ ಮುಖವಾದರೂ ಅಷ್ಟೇ. ನಮ್ಮ ಕಡೆಯ ಹೆಣ್ಣುಮಕ್ಕಳು ಅರಿಶಿನ ಹಚ್ಚಿಕೊಂಡು ಸ್ನಾನ ಮಾಡುತ್ತಾರಲ್ಲ, ಆ ಹಳದಿ ಚರ್ಮದಲ್ಲಿ ಉಳಿದಿರುತ್ತದೆ, ಕ್ಯಾಮೆರಾ ಅದನ್ನು ಹಿಡಿಯುತ್ತದೆ ಎಂದು ನಾನು ನಂಬಿದ್ದೆ. ಗಂಡಸರ ಮುಖವೂ ಹಳದಿಯಾಗುತ್ತಿತ್ತು ಎಂಬುದನ್ನು ಯೋಚಿಸಿರಲಿಲ್ಲ. ಹಳದಿ ಹೋಗಲೆಂದು ಮುಖವನ್ನಷ್ಟೇ ಸುತ್ತು ಹಾಕಿ ಅದರ ಹಳದಿ ಇಳಿಸುವುದು, ಬೆಳಕು ಏರಿಸುವುದು, ಮೇಲೊಂದು ನುಣುಪಿನ ಲೇಯರ್ ಎಳೆಯುವುದು. ಮುಖ ಮೈದಾ ಹಿಟ್ಟಿನ ಹಾಗೆ ಬರುತ್ತಿತ್ತು. ಜನ ಖುಷಿಯಾಗಿಯೇ ಕೊಂಡೊಯ್ಯುತ್ತಿದ್ದರು.

ಈ ಸಲ ನುಣುಪಿನ ಲೇಯರ್ ಕಿತ್ತುಹಾಕಿದೆ. ಬೆಳಕು ಇಳಿಸಿದೆ. ಹುಡುಗಿ ಎಣ್ಣೆಗಪ್ಪು ಬಣ್ಣದವಳು; ಬೆಳಕು ಇಳಿಸಿದರೆ ತಾನಾಗಿ ಅವಳ ಬಣ್ಣ ಬರಬೇಕಲ್ಲ? ಬರಲಿಲ್ಲ. ಮುಖ ಬೂದಿ ಬೂದಿಯಾಯಿತು. ಕೆಂಪು ಏರಿಸಿದೆ, ಹೊಡೆತ ತಿಂದ ಕೆನ್ನೆಯ ಹಾಗೆ ಕಂಡಿತು. ಹಳದಿ ಸೇರಿಸಿದೆ, ಕಾಮಾಲೆ. ಕಂದು ಬಣ್ಣದ ಒಂದು ಲೇಯರ್ ಎಳೆದೆ, ಕೆಸರು ಮೆತ್ತಿದ ಹಾಗಾಯಿತು. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ, ಕಿವಿ ಮತ್ತೊಂದು. ಹನ್ನೊಂದು ಸಲ ಸೇವ್ ಮಾಡಿದೆ, ಹನ್ನೊಂದು ಬೇರೆ ಬೇರೆ ಹೆಂಗಸರು ಬಂದರು.

ಮಧ್ಯಾಹ್ನ ನಮ್ಮನೆಯವರು ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದರು. “ಮೊದಲಿನದಕ್ಕಿಂತ ಇದು ಇನ್ನೂ ಕೆಟ್ಟೋಗಿದೆ” ಎಂದರು.

“ನಿಮ್ಮ ಲೈಟೇ ಸರಿಯಿಲ್ಲ” ಎಂದೆ.

“ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ” ಎಂದು ನಗುತ್ತಾ ಹೋದರು. ಆ ದಿನ ಅವರ ಸಾರಿಗೆ ಉಪ್ಪು ಒಂದು ಹಿಡಿ ಜಾಸ್ತಿ ಬಿತ್ತು.

ಬುಧವಾರ ಹನ್ನೆರಡರ ಸುಮಾರಿಗೆ ಓರಗಿತ್ತಿಯ ಫೋನು. “ಅಕ್ಕ, ನಮ್ಮ ಪ್ರಿಂಟರಿನ ಹೆಡ್ಡು ಕಟ್ಕೊಂಡಿದೆ. ಹೆಮ್ಮರಗಾಲದ ಹುಡುಗೀದು ಒಂದು ಫೈಲ್ ಕಳಿಸಿದ್ದೀನಿ, ಎರಡು ಪ್ರಿಂಟ್ ಹಾಕಿಟ್ಟಿರಿ. ಅವರಿಗೂ ನಂಜನಗೂಡೇ ಹತ್ರ. ಶುಕ್ರವಾರ ಬಂದು ಈಸ್ಕೋತಾರೆ.” ಅವಳ ದನಿಯಲ್ಲಿ ಕುಹಕ ಹುಡುಕಿದೆ. ಇರಲಿಲ್ಲ. ಅದಕ್ಕೂ ಸಿಟ್ಟು ಬಂತು.

ಫೈಲು ತೆರೆದೆ.

ಅದೇ ಹುಡುಗಿ. ಕಿಟಕಿಯ ಬೆಳಕು ಒಂದು ಪಕ್ಕದಿಂದ ಬಂದು ಕೆನ್ನೆಯ ಮೇಲೆ ಕೂತಿತ್ತು. ಬಣ್ಣ ಅವಳದೇ, ಸೋಮವಾರ ನನ್ನೆದುರು ನಿಂತು ಬೈದು ಹೋದವಳದೇ. ಆದರೆ ಆ ಬಣ್ಣ ಇಷ್ಟು ಚೆಂದ ಎಂಬುದನ್ನು ಸೋಮವಾರ ನಾನು ನೋಡಿರಲೇ ಇಲ್ಲ. ಹಣೆಯ ಮೇಲೆ ಸಣ್ಣ ಹೊಳಪು, ಅದನ್ನು ಅಳಿಸಿರಲಿಲ್ಲ. ಗಲ್ಲದ ಹತ್ತಿರದ ಮಚ್ಚೆ ಹಾಗೇ ಇತ್ತು. ಮುಖ, ಕತ್ತು, ಕಿವಿ, ಮಡಿಲಲ್ಲಿಟ್ಟ ಕೈ ಎಲ್ಲವೂ ಒಬ್ಬಳವೇ. ಏನೋ ಮಾತಿಗೆ ಈಗಷ್ಟೇ ನಕ್ಕು ನಿಲ್ಲಿಸಿದವಳ ಹಾಗೆ ಕೂತಿದ್ದಳು.

ಮೂರು ಪಟ್ಟು ಹಿಗ್ಗಿಸಿ ತಪ್ಪು ಹುಡುಕಿದೆ. ಕೂದಲ ಅಂಚು ನೋಡಿದೆ, ಮೂಗಿನ ಪಕ್ಕದ ನೆರಳು ನೋಡಿದೆ, ಕಣ್ಣಿನ ಬಿಳಿ ನೋಡಿದೆ. ಕೆನ್ನೆಯ ಮೇಲೆ ಪಾಯಿಂಟರ್ ಇಟ್ಟು ಅಂಕಿಗಳನ್ನು ಬರೆದುಕೊಂಡೆ: ಹಳದಿ ಕೆಂಪಿಗಿಂತ ಒಂದಿಷ್ಟು ಮುಂದೆ, ನೀಲಿಹಸಿರು ನಾನು ಯಾವತ್ತೂ ಬಿಡದಷ್ಟು ಎತ್ತರದಲ್ಲಿ. ಆ ನೀಲಿಹಸಿರು ಕಂಡರೆ ಚರ್ಮ ಕೊಳಕಾಗುತ್ತದೆಂದು ನಾನು ಒರೆಸಿಬಿಡುತ್ತಿದ್ದೆ. ಎಣ್ಣೆಗಪ್ಪಿಗೆ ಆಳ ಬರುವುದೇ ಅದರಿಂದ. ಇದನ್ನು ನಾನು ಓರಗಿತ್ತಿಗೆ ಕಲಿಸಿರಲಿಲ್ಲ, ನನಗೇ ಗೊತ್ತಿಲ್ಲದ್ದನ್ನು ಕಲಿಸುವುದೆಲ್ಲಿ ಬಂತು?

ಆಮೇಲೆ ನಾನು ಮಾಡಿದ್ದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಕೆಂಪಿನ ಸ್ಲೈಡರನ್ನು ಎಂಟು ಪಾಯಿಂಟು ಮೇಲಕ್ಕೆ ತಳ್ಳಿದೆ. ಎಂಟೇ. ಜಾಸ್ತಿ ತಳ್ಳಿದರೆ ಯಾರಿಗಾದರೂ ಗೊತ್ತಾಗುತ್ತದೆ. ಎಂಟಾದರೆ ‘ನರಸೀಪುರದೋಳ ಕೈಯೂ ಅಷ್ಟಕ್ಕಷ್ಟೇ’ ಅನ್ನಿಸುತ್ತದೆ. ಪ್ರಿಂಟ್ ಕೊಟ್ಟೆ.

ಅತ್ತೆ ಅಂಗಡಿಯ ಮೂಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಎದ್ದು ಬಂದು ಪ್ರಿಂಟನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ನೋಡಿದರು.

“ಇದೇನವ್ವ, ಮಗೀಗೆ ಜರ ಬಂದಂಗದೆ? ನೀನ್ ಮಾಡುದ್ದಾ?”

“ನಾನಲ್ಲ. ನಿಮ್ಮ ಚಿಕ್ಕ ಸೊಸೆ.”

ಅತ್ತೆ ಇನ್ನೊಮ್ಮೆ ನೋಡಿದರು. “ಅವಳಾ?” ಎಂದರು. “ಅವಳೂ ಒಂದೊಂದ್ಸಲ ತಪ್ತಾಳೆ ಬುಡು.”

ಐದು ವರ್ಷದಿಂದ ನಾನು ಕಾದಿದ್ದ ಮಾತು ಅದು. ಕಿವಿಗೆ ಬಿತ್ತು. ಎಷ್ಟು ಖುಷಿಯಾಗಬೇಕಿತ್ತು! ಅಷ್ಟರಲ್ಲಿ ಅತ್ತೆ, “ಈ ಮಗೀನೇ ಅಲ್ವಾ ಮೊನ್ನೆ ಬಂದು ಬೈದಿದ್ದು? ಪಾಪ, ಇದುನ್ನೂ ನೋಡಿ ನಕ್ತಾರೆ ಜನ” ಎಂದು ಹೇಳಿ ಮತ್ತೆ ಮೊರದ ಮುಂದೆ ಕೂತರು.

ನಾನು ಓರಗಿತ್ತಿಯನ್ನು ಕೆಡವಲು ಹೊರಟಿದ್ದೆ. ಬೀಳುವವಳು ಆ ಹುಡುಗಿಯಾಗಿದ್ದಳು. ಭಾನುವಾರ ಹುಲ್ಲಹಳ್ಳಿಯವರ ಮುಂದೆ ಕೂರುವವಳು ಅವಳು, ಎಂಟು ಪಾಯಿಂಟು ಕೆಂಪನ್ನು ಮುಖದ ಮೇಲೆ ಹೊತ್ತುಕೊಂಡು. ಒಂದು ಸಲ ಹಾಲು ಬೆರೆಸಿದೆ, ಈಗ ಬೇಕೆಂದೇ ರಕ್ತ ಬೆರೆಸುತ್ತಿದ್ದೇನೆ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಪ್ರಿಂಟನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಹಾಕಿದೆ. ಓರಗಿತ್ತಿ ಕಳಿಸಿದ್ದನ್ನು ಕಳಿಸಿದ ಹಾಗೆಯೇ ತೆರೆದು ಎರಡು ಪ್ರಿಂಟ್ ತೆಗೆದು ಕವರಿಗೆ ಹಾಕಿಟ್ಟೆ. ಹೊಟ್ಟೆಕಿಚ್ಚು ಮಾತ್ರ ಇದ್ದಲ್ಲೇ ಇತ್ತು. ಇಷ್ಟು ಚೆನ್ನಾಗಿ ಅವಳು ಹೇಗೆ ಮಾಡಿದಳು ಎಂಬುದು ತಿಳಿಯದೆ ಅನ್ನ ಇಳಿಯುವುದಿಲ್ಲ ಎಂದು ಗೊತ್ತಾಯಿತು. ಕಲಿಸಿದವಳು ಕಲಿಯಲು ಹೋಗುವುದೆಂದರೆ ಮಾನ ಹೋದ ಹಾಗೆ. ಹೋಗಲಿ ಎಂದುಕೊಂಡು ಗುರುವಾರ ಬೆಳಿಗ್ಗೆ ನರಸೀಪುರದ ಬಸ್ಸು ಹತ್ತಿದೆ.

ನಾನು ಹೋದಾಗ ಓರಗಿತ್ತಿ ಕಂಪ್ಯೂಟರಿನ ಮುಂದಿದ್ದಳು. ಪಕ್ಕದ ಸ್ಟೂಲಿನ ಮೇಲೆ ಬಿಳಿ ಜುಬ್ಬದ ಒಬ್ಬ ಹಿರಿಯರು. ಯಾವುದೋ ಸಂಘಕ್ಕೆ ಆಯ್ಕೆಯಾಗಿದ್ದರಂತೆ, ಊರಲ್ಲಿ ಹಾಕುವ ಫ್ಲೆಕ್ಸಿಗೆ ಫೋಟೋ ಬೇಕಿತ್ತು. ಅವರ ಕೈಯನ್ನು ಮಾನಿಟರಿನ ಪಕ್ಕ ಅಂಗೈ ಮೇಲಾಗಿ ಇಡಿಸಿದ್ದಳು. ಮಣಿಕಟ್ಟಿನ ಒಳಭಾಗವನ್ನೂ ಮಾನಿಟರಿನ ಮೇಲಿನ ಮುಖವನ್ನೂ ನೋಡಿ ನೋಡಿ ಸ್ಲೈಡರ್ ಎಳೆಯುತ್ತಿದ್ದಳು. ಮೇಜಿನ ಹಿಂದಿನ ಗೋಡೆಗೆ ಮಂಕು ಬೂದು ಬಣ್ಣ. ನಮ್ಮಲ್ಲಿ ಗಿಳಿಹಸಿರು.

“ಒಸಿ ಕೆಂಪಗ್ ಮಾಡವ್ವ” ಎಂದರು ಹಿರಿಯರು.

“ಮಾಡ್ತೀನಿ ಯಜಮಾನ್ರೇ. ಊರೋರು ಫ್ಲೆಕ್ಸ್ ನೋಡಿ ‘ಇವನ್ಯಾವನು, ನಮ್ಮೋನು ಎಲ್ಲಿ’ ಅಂದ್ರೆ ಮಾತ್ರ ನನ್ನ ಕೇಳ್ಬೇಡಿ.”

ಅವರು ಹೊಟ್ಟೆ ಕುಣಿಸಿ ನಕ್ಕರು. “ಬ್ಯಾಡ ಬುಡು. ನಾನೇ ಇರ್ಲಿ.”

ಇದೇ ಮಾತು ಕೇಳಿದ ಇನ್ನೂರು ಜನರಿಗೆ ನಾನು ‘ಆಯ್ತು’ ಎಂದು ಸುಣ್ಣ ಬಳಿದು ಕಳಿಸಿದ್ದೆ. ಬೇಡ ಅನ್ನುವುದಕ್ಕೂ ಒಂದು ನಾಲಿಗೆ ಬೇಕು. ಅದೂ ಅವಳಿಗೇ ಇದೆ. ಅದಕ್ಕೂ ಉರಿದುಕೊಂಡೆ.

ಹಿರಿಯರು ಹೋದ ಮೇಲೆ ನೇರವಾಗಿ ಕೇಳಿದೆ. “ಏನು ಮಾಟ ಮಾಡ್ತೀಯ ನೀನು? ಹೆಮ್ಮರಗಾಲದ ಹುಡುಗಿ ಮುಖ ನನ್ನ ಕೈಯಲ್ಲಿ ಯಾಕೆ ಬರ್ತಿಲ್ಲ?”

ಅವಳು ನನ್ನ ಮುಖವನ್ನೇ ನೋಡಿದಳು, ನಾನು ಜಗಳಕ್ಕೆ ಬಂದೆನೋ ಕೇಳಲು ಬಂದೆನೋ ಎಂದು ಅಳೆಯುವವಳ ಹಾಗೆ. “ವೈಟ್ ಬ್ಯಾಲೆನ್ಸ್ ಎಲ್ಲಿ ಕ್ಲಿಕ್ ಮಾಡ್ತೀರ ಅಕ್ಕ? ಈಗಲೂ ಪರದೆ ಮೇಲೇನಾ?”

“ಇನ್ನೆಲ್ಲಿ ಮಾಡ್ಲಿ? ಬೆಳ್ಳಗಿರೋದು ಅದೊಂದೇ.”

“ಅದು ಬೆಳ್ಳಗಿಲ್ಲ ಅಕ್ಕ. ಆ ಪರದೇನ ಅತ್ತೆ ಒಗೆದ್ಮೇಲೆ ನೀಲಿ ನೀರಲ್ಲಿ ಅದ್ದುತಾರಲ್ಲ.”

ನಮ್ಮ ಅತ್ತೆಗೆ ನೀಲಿಯ ಮೇಲೆ ಬಲು ಪ್ರೀತಿ. ಮಾವನವರ ಪಂಚೆಗೆ ಹಾಕಿ ಹಾಕಿ ಅಭ್ಯಾಸ. ಪರದೆಯನ್ನೂ ಬಿಡುತ್ತಿರಲಿಲ್ಲ, ತಿಂಗಳಿಗೊಮ್ಮೆ ಬಕೀಟಿನಲ್ಲಿ ನೀಲಿ ಕಲಸಿ ಅದ್ದಿ ಹಿಂಡುವರು. ಕಣ್ಣಿಗೆ ಅದು ಪಳಪಳ ಬಿಳಿ, ಕ್ಯಾಮೆರಾಕ್ಕೆ ತಿಳಿನೀಲಿ. ಆ ನೀಲಿಯನ್ನು ತೋರಿಸಿ ‘ಇದು ಬಿಳಿ’ ಎಂದು ನಾನು ಹೇಳಿದರೆ, ಕಂಪ್ಯೂಟರು ನೀಲಿಯನ್ನು ಕಳೆಯಲು ಫೋಟೋದ ತುಂಬ ಹಳದಿ ಸುರಿಯುತ್ತಿತ್ತು. ಆ ಹಳದಿಯನ್ನು ನಾನು ಅರಿಶಿನ ಎಂದುಕೊಂಡು ಮುಖದಿಂದ ಮಾತ್ರ ಕಿತ್ತು, ಬೆಳಕು ಸುರಿದು, ಮೈದಾ ಮಾಡುತ್ತಿದ್ದೆ. ಇಲ್ಲದ ರೋಗಕ್ಕೆ ವರ್ಷಗಟ್ಟಲೆ ಮದ್ದು ಅರೆದಿದ್ದೆ.

“ಗೊತ್ತಿದ್ದೂ ನೀನು ಒಂದು ಮಾತು ಹೇಳಲಿಲ್ವಲ್ಲೇ” ಎಂದೆ.

“ಹೇಳಿದ್ದೆ ಅಕ್ಕ. ಒಂದ್ಸಲ ಆ ಪರದೆ ನೀಲಿ ಹಾಕದೆ ನಾನೇ ಒಗೆದಿದ್ದೆ, ಮುಖ ಅಷ್ಟು ಹಳದಿ ಆಗ್ಲಿಲ್ಲ, ಆವಾಗ್ಲೇ ಹೇಳ್ದೆ. ‘ಮೌಸ್ ಹಿಡಿದು ಮೂರು ದಿನ ಆಗಿಲ್ಲ, ನನಗೇ ಹೇಳಿಕೊಡ್ತೀಯಾ’ ಅಂದ್ರಿ. ಆಮೇಲೆ ನಾನು ಬಾಯಿ ಬಿಡಲಿಲ್ಲ.”

ನನಗೆ ನೆನಪಿತ್ತು. ನೆನಪಿಲ್ಲವೆಂದು ತಲೆಯಾಡಿಸಿದೆ. ಬೇರೆ ಏನು ಮಾಡಲಿ? ಹಿತ್ತಲ ಗಿಡ ಮದ್ದಲ್ಲ ಅನ್ನುವುದು ನನ್ನಂಥವರಿಗೇ ಇರಬೇಕು.

ಅವಳು ಡ್ರಾಯರಿನಿಂದ ಅಂಗೈಯಗಲದ ಬೂದು ಬಣ್ಣದ ಕಾರ್ಡು ತೆಗೆದಳು. ಮೊದಲ ಫೋಟೋದಲ್ಲಿ ಅದನ್ನು ಗಿರಾಕಿಯ ಕೈಗೆ ಕೊಟ್ಟು ತೆಗೆಯುವುದು, ಆಮೇಲೆ ಡ್ರಾಪರನ್ನು ಅದರ ಮೇಲೆ ಒತ್ತುವುದು. ಅದಕ್ಕೆ ನೀಲಿಯೂ ಇಲ್ಲ, ಹಳದಿಯೂ ಇಲ್ಲ. “ನನ್ನ ಹತ್ರ ಎರಡಿದೆ, ಒಂದು ತಗೊಂಡೋಗಿ” ಎಂದಳು. ಬಿಸಿಲಿಗೆ ಕಂದಿದ ಕೈಯ ಮೇಲ್ಭಾಗ ನೋಡಬೇಡಿ, ಮಣಿಕಟ್ಟಿನ ಒಳಗೆ ನೋಡಿ ಎಂದಳು. ವಾರದಲ್ಲಿ ಮಾಯುವ ಮೊಡವೆಯನ್ನು ತೆಗೆಯುತ್ತೇನೆ, ಹುಟ್ಟಿನಿಂದ ಬಂದ ಮಚ್ಚೆಯನ್ನು ಮುಟ್ಟುವುದಿಲ್ಲ ಎಂದಳು. ಎಲ್ಲವನ್ನೂ ಬಿಚ್ಚಿ ಹೇಳಿದಳು. ಒಂದಾದರೂ ಬಚ್ಚಿಟ್ಟುಕೊಂಡಿದ್ದರೆ ಅವಳನ್ನು ಬೈದುಕೊಳ್ಳಲು ನನಗೊಂದು ದಾರಿಯಾದರೂ ಇರುತ್ತಿತ್ತು. ಊಟಕ್ಕೆ ಕೂರಿಸಿದಳು. ಸೊಪ್ಪಿನ ಸಾರು. ಅದೂ ಚೆನ್ನಾಗಿತ್ತು, ದರಿದ್ರದ್ದು.

ಕೆಂಪಿನ ವಿಷಯ ಹೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಎರಡು ಸಲವೂ ಸಾರು ಹಾಕಿಸಿಕೊಂಡೆ.

ಮಧ್ಯಾಹ್ನ ಮೂರಕ್ಕೆಲ್ಲ ಅಂಗಡಿಗೆ ವಾಪಸಾದೆ. ಹುಡುಗಿಯ ಹಳೆಯ ಫೋಟೋದಲ್ಲಿ ಬೂದು ಕಾರ್ಡು ಇರಲಿಲ್ಲ. ಆದರೆ ಪರದೆಯನ್ನು ಇನ್ನೂ ಒಗೆದಿರಲಿಲ್ಲ, ಲೈಟುಗಳನ್ನೂ ಜರುಗಿಸಿರಲಿಲ್ಲ. ನಮ್ಮನೆಯವರನ್ನು ಕರೆದು, ಅವಳು ಕೂತಿದ್ದ ಸ್ಟೂಲಿನ ಮೇಲೆ ನಾನೇ ಕಾರ್ಡು ಹಿಡಿದು ಕೂತೆ. ಹಿಂದೆ ಅದೇ ಪರದೆ. ಒಂದು ಫೋಟೋ ತೆಗೆಸಿ, ಡ್ರಾಪರನ್ನು ಮೊದಲು ಪರದೆಗೆ ಒತ್ತಿ, ಬಂದ ವೈಟ್ ಬ್ಯಾಲೆನ್ಸ್ ಅಂಕಿ ಬರೆದುಕೊಂಡೆ. ಆಮೇಲೆ ಕಾರ್ಡಿಗೆ ಒತ್ತಿದೆ. ಎರಡರ ನಡುವೆ ಆರುನೂರು ಅಂಕಿಯ ವ್ಯತ್ಯಾಸ. ಅತ್ತೆಯ ನೀಲಿಯ ಅಳತೆ ಅದು.

ಕಾರ್ಡಿನ ಅಂಕಿಯನ್ನು ತಂದು ಹುಡುಗಿಯ ಮೂಲ ಫೈಲಿಗೆ ಹಾಕಿದೆ. ಪರದೆ ಸ್ವಲ್ಪ ನೀಲಿಯಾಯಿತು. ಮುಖದ ಹಳದಿ ಬಿಟ್ಟುಹೋಯಿತು, ನಾನು ಏನೂ ಮುಟ್ಟದೆ. ಕತ್ತು, ಕಿವಿ, ಮುಖ ಒಂದಾದವು. ಮಂಗಳವಾರವೆಲ್ಲ ಒದ್ದಾಡಿದ್ದಕ್ಕೆ ಒಂದೇ ಕ್ಲಿಕ್ಕು! ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶುಕ್ರವಾರ ಡೈರಿಯ ಬೆಳಗಿನ ಕೆಲಸ ಮುಗಿಸಿ ಹುಡುಗಿ ಒಬ್ಬಳೇ ಬಂದಳು. ಓರಗಿತ್ತಿಯ ಕವರನ್ನು ಕೊಡುವ ಮೊದಲು, “ಒಂದು ಹತ್ತು ನಿಮಿಷ ಕೂತ್ಕೊಳಮ್ಮ, ನಿನ್ನ ಕೈ ಬೇಕು” ಎಂದೆ. ಅನುಮಾನದಿಂದಲೇ ಕೂತು ಕೈ ಚಾಚಿದಳು. ಅವಳ ಮಣಿಕಟ್ಟು ನೋಡಿಕೊಂಡು ನೀಲಿಹಸಿರನ್ನು ಮೂರು ಪಾಯಿಂಟು ಏರಿಸಿದೆ, ಬೆಳಕನ್ನು ಒಂದು ಕೂದಲೆಳೆ ಇಳಿಸಿದೆ. ಗಲ್ಲದ ಮೇಲೆ ಅವತ್ತಿದ್ದ ಒಂದು ಮೊಡವೆ ತೆಗೆದೆ. ಮಚ್ಚೆಯ ಹತ್ತಿರ ಮೌಸ್ ಹೋದಾಗ, “ಅದು ಇರ್ಲಿ” ಎಂದಳು. “ಅದನ್ನ ಮುಟ್ಟಲ್ಲ ಕಣಮ್ಮ” ಎಂದೆ. ಅಷ್ಟೇ. ಪ್ರಿಂಟ್ ತೆಗೆದೆ.

ಎರಡೂ ಫೋಟೋಗಳನ್ನು ಬಾಗಿಲ ಬೆಳಕಿನಲ್ಲಿ ಪಕ್ಕಪಕ್ಕ ಇಟ್ಟೆ. ಯಾವುದು ಯಾರದೆಂದು ಹೇಳದೆ ಇದ್ದುಬಿಡಬಹುದಿತ್ತು, ಎರಡನ್ನೂ ನನ್ನದೇ ಕವರಿಗೆ ಹಾಕಬಹುದಿತ್ತು. “ಇದು ನರಸೀಪುರದ್ದು. ಅವಳು ನನ್ನ ಓರಗಿತ್ತಿ. ಇದು ನನ್ನದು” ಎಂದೆ. ಬಣ್ಣದಲ್ಲಿ ಎರಡಕ್ಕೂ ಸಾಸಿವೆಯಷ್ಟೂ ವ್ಯತ್ಯಾಸವಿರಲಿಲ್ಲ. ನನ್ನದರಲ್ಲಿ ಅವಳು ನೆಟ್ಟಗೆ ಕೂತು ಕ್ಯಾಮೆರಾ ನೋಡುತ್ತಿದ್ದಳು, ಅಷ್ಟೇ. ಹುಡುಗಿ ಎರಡನ್ನೂ ಬಹಳ ಹೊತ್ತು ನೋಡಿದಳು. ಯಾವುದನ್ನು ಕಳಿಸುತ್ತೇನೆಂದು ಹೇಳದೆ ಎರಡನ್ನೂ ತೆಗೆದುಕೊಂಡು ಬಸ್ಸಿಗೆ ಹೋದಳು. ಬ್ರೋಕರ್ ಕೈಗೆ ಯಾವುದು ಹೋಯಿತೋ ಎಂದು ಶನಿವಾರ ಭಾನುವಾರ ಎರಡು ದಿನವೂ ನಾನು ಚಡಪಡಿಸಿದೆ. ಸಂಬಂಧ ಏನಾಯಿತೋ ಎಂಬ ಚಿಂತೆಯೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಮೊದಲ ಚಿಂತೆ ಫೋಟೋದ್ದೇ.

ಸೋಮವಾರ ಅವಳು ಮತ್ತೆ ಬಂದಳು. ಈ ಸಲ ತಾನೇ ಸ್ಟೂಲು ಎಳೆದುಕೊಂಡು ಕೂತಳು.

“ಏನಾಯ್ತಮ್ಮ?”

“ಬಂದಿದ್ರು. ಯಾರೂ ನಗಲಿಲ್ಲ ಅಕ್ಕ. ಫೋಟೋ ಮಾತೇ ಬರ್ಲಿಲ್ಲ. ಹುಡುಗನ ತಾಯಿ ಡೈರಿ ಕೆಲಸ ಎಷ್ಟೊತ್ತಿಗೆ ಶುರು, ಮದುವೆ ಆದ್ಮೇಲೂ ಹೋಗ್ತೀಯಾ ಅಂತ ಕೇಳಿದ್ರು. ಹೋಗ್ತೀನಿ ಅಂದೆ. ಯೋಚನೆ ಮಾಡಿ ಹೇಳ್ತೀವಿ ಅಂದವ್ರೆ.”

“ಒಪ್ಪದೆ ಹೋದ್ರೆ?”

“ಬೇಡ ಅಂದ್ರೆ ನನ್ನನ್ನೇ ನೋಡಿ ಬೇಡ ಅಂದಂಗಾಯ್ತು. ಯಾರನ್ನೋ ನೋಡಿ ಅಲ್ವಲ್ಲ. ಅಷ್ಟಾದ್ರೆ ಸಾಕು, ತಲೆ ಎತ್ಕೊಂಡಿರ್ತೀನಿ.”

ತಡೆಯಲಾರದೆ ಕೇಳಿಯೇಬಿಟ್ಟೆ. “ಯಾವ ಫೋಟೋ ಕಳಿಸಿದ್ದೆ?”

“ನಿಮ್ಮದೇ ಅಕ್ಕ.”

ನನ್ನ ಮುಖ ಅರಳಿದ್ದನ್ನು ಅವಳು ನೋಡಿರಬೇಕು. ಅಷ್ಟರಲ್ಲಿ ಚೀಲದಿಂದ ಓರಗಿತ್ತಿಯ ಫೋಟೋ ತೆಗೆದು ಮೇಜಿನ ಮೇಲಿಟ್ಟಳು. “ಇದನ್ನ ದೊಡ್ಡದು ಮಾಡಿ ಕಟ್ಟು ಹಾಕ್ಸಿಕೊಡಿ. ನಮ್ಮನೆ ಗೋಡೆಗೆ.”

“ಇಷ್ಟು ಇಷ್ಟವಾದ್ದನ್ನ ಅವರಿಗೆ ಯಾಕೆ ಕಳಿಸಲಿಲ್ಲ ಮತ್ತೆ?”

“ಅವರಿಗೆ ಬೇಕಾಗಿದ್ದು ನಾನು ಹೆಂಗಿದ್ದೀನಿ ಅನ್ನೋದು. ಅದು ನಿಮ್ಮದ್ರಲ್ಲಿ ಸರಿಯಾಗಿದೆ. ಇದನ್ನ ನೋಡಿದ್ರೆ…” ಎಂದು ಫೋಟೋವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. “ಇದನ್ನ ನೋಡಿದ್ರೆ ನನಗೇ ನನ್ನ ಮೊಕ ಇನ್ನೊಂದ್ಸಲ ನೋಡ್ಕೋಬೇಕು ಅನ್ಸುತ್ತೆ ಅಕ್ಕ. ಇಪ್ಪತ್ತಾರು ವರ್ಷಕ್ಕೆ ಇದೇ ಮೊದಲು. ಇದನ್ನ ಕಂಡೋರ ಕೈಗೆ ಯಾಕೆ ಕೊಡಲಿ?”

ಆ ಮಾತು ನನಗೆ ಬೇಕಿತ್ತು. ಇಷ್ಟು ವರ್ಷ ಸುಣ್ಣ ಬಳಿದು ಬಳಿದು ಸಾವಿರಾರು ಮುಖ ಕಳಿಸಿದ್ದೇನೆ, ಅಂಥ ಮಾತು ಒಬ್ಬರ ಬಾಯಿಂದಲೂ ನನಗೆ ಬಂದಿಲ್ಲ. ಅದು ನನ್ನ ಅಂಗಡಿಯಲ್ಲಿ, ನನ್ನ ಸ್ಟೂಲಿನ ಮೇಲೆ ಕೂತವಳ ಬಾಯಿಂದ ಬಂತು, ಬಂದು ಸೀದಾ ನರಸೀಪುರಕ್ಕೆ ಹೋಯಿತು.

ಅವಳು ಹೋದ ಮೇಲೆ ಫೈಲು ತೆರೆದು ದೊಡ್ಡ ಪ್ರಿಂಟಿಗೆ ಕೊಟ್ಟೆ. ಯಾವ ಸ್ಲೈಡರನ್ನೂ ಮುಟ್ಟಲಿಲ್ಲ. ಕಾಗದ ನಿಧಾನವಾಗಿ ಹೊರಬರುತ್ತಿರುವಾಗ ಫೋನು ಕೈಗೆತ್ತಿಕೊಂಡೆ. ಹೇಳದೆ ಇದ್ದರೂ ನಡೆಯುತ್ತಿತ್ತು. ಹುಡುಗಿ ಹೇಳಿದ್ದು ನನಗೆ, ಕೇಳಿಸಿಕೊಂಡವಳು ನಾನೊಬ್ಬಳೇ. ‘ಚೆನ್ನಾಗಿದೆ ಅಂದ್ಲು’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಓರಗಿತ್ತಿ ಫೋನು ತೆಗೆದಳು. ಹುಡುಗಿ ಹೇಳಿದ್ದನ್ನು ಹೇಳಿದ ಹಾಗೆಯೇ ಹೇಳಿದೆ, ಇಪ್ಪತ್ತಾರು ವರ್ಷವನ್ನೂ ಸೇರಿಸಿ.

ಅವಳು ಸಣ್ಣ ದನಿಯಲ್ಲಿ, “ನಿಜವಾಗ್ಲೂ ಹಂಗಂದ್ಲಾ ಅಕ್ಕ?” ಎಂದಳು.

“ಅಂದ್ಲು ಕಣೇ.”

“ಇನ್ನೊಂದ್ಸಲ ಹೇಳಿ ಅಕ್ಕ.”

ಹೊಟ್ಟೆ ಧಗಧಗ ಉರಿಯುತ್ತಿತ್ತು. ಇನ್ನೊಂದು ಸಲ ಹೇಳಿದೆ.